ಕ್ರಿಸ್‌ಮಸ್ ಅಲಂಕಾರಗಳಿಗೆ ನಿಜವಾದ ಅರ್ಥ ಏನು? ಮಕ್ಕಳಿಗೆ ಹೇಳಬೇಕಾಗಿದೆ

ಸಂಡೇಸ್ಕೂಲ್ ಟೀಚರ್:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಪಾಠ ಮುಗಿಸಿ ಮಕ್ಕಳ ಜೊತೆ ಅಲಂಕಾರದ ಡಬ್ಬಗಳನ್ನು ಬಿಚ್ಚುತ್ತಿದ್ದೆ. ಎಂಟು ವರ್ಷದ ಹುಡುಗಿಯೊಬ್ಬಳು ಮರಕ್ಕೆ ತೂಗುಹಾಕುವ ಕೆಂಪು ಗುಂಡನ್ನು ಕೈಯಲ್ಲಿ ಹಿಡಿದುಕೊಂಡು, "ಟೀಚರ್, ಯೇಸು ಹುಟ್ಟಿದಾಗ ಅಲ್ಲಿ ಈ ಮರ ಇತ್ತಾ?" ಅಂತ ಕೇಳಿದಳು. ಇರಲಿಲ್ಲ ಕಣೇ ಅಂದೆ. "ಮತ್ತೆ ಯಾಕೆ ಇಡ್ತೀವಿ?" "ಚೆಂದ ಕಾಣುತ್ತಲ್ಲ, ಅದಕ್ಕೆ" ಅಂದುಬಿಟ್ಟೆ. ಅವಳು ತಲೆಯಾಡಿಸಿ ಗುಂಡನ್ನು ಕೊಂಬೆಗೆ ಸಿಕ್ಕಿಸಿದಳು.

ಅವಳಿಗೆ ಅಷ್ಟು ಸಾಕಾಯಿತು, ನನಗೆ ಸಾಕಾಗಲಿಲ್ಲ. ಇಪ್ಪತ್ತು ವರ್ಷದಿಂದ ಮರ, ನಕ್ಷತ್ರ, ಮೇಣದಬತ್ತಿ, ಗೋದಲಿ ಎಲ್ಲವನ್ನೂ ಕೈಯಾರೆ ಜೋಡಿಸುತ್ತಾ ಬಂದಿದ್ದೇನೆ. ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಇದ್ದದ್ದು ಆ ಒಂದು ಮಾತು.

ಈ ಸಲ ಒಂದೊಂದರ ಪಕ್ಕದಲ್ಲೂ ಒಂದು ಚೀಟಿ ಅಂಟಿಸಬೇಕು ಅಂತಿದ್ದೇನೆ. ಎರಡು ಮೂರು ಸಾಲು, ಮಕ್ಕಳು ಓದುವಷ್ಟು. ಫೋನಿಗೆ ಬರುವ ಫಾರ್ವರ್ಡ್‌ಗಳಲ್ಲಿ ಯಾವುದು ದಿಟ, ಯಾವುದು ಕಟ್ಟುಕಥೆ ಅಂತ ತಿಳಿಯುವುದಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಗೋದಲಿ ಕಟ್ಟುವವ:

ಟೀಚರ್, ಗೋದಲಿಯಿಂದ ಶುರು ಮಾಡಿ. ಉಳಿದದ್ದೆಲ್ಲ ಆಮೇಲೆ. ನಮ್ಮ ಅಪ್ಪ ಕಟ್ಟುತ್ತಿದ್ದರು, ಅವರ ಕೈಕೆಳಗೆ ಕಲಿತು ಈಗ ನಾನು ಕಟ್ಟುತ್ತೇನೆ.

ಯಾರು ಮಾಡಿದರು, ಎಲ್ಲಿ, ಯಾವ ಆಸೆಯಿಂದ ಅನ್ನುವುದು ಇಷ್ಟು ಸ್ಪಷ್ಟವಾಗಿ ದಾಖಲಾಗಿರುವ ಅಲಂಕಾರ ಅಪರೂಪ. 1223ರ ಕ್ರಿಸ್‌ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ, ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತರಿಸಿದರು, ಎತ್ತು ಕತ್ತೆ ತರಿಸಿದರು. ದೇವರ ಮಗ ಎಂಥ ಕೊರತೆಯಲ್ಲಿ ಹುಟ್ಟಿದ, ಹುಲ್ಲಿನ ಮೇಲೆ ಹೇಗೆ ಮಲಗಿದ್ದ ಅನ್ನುವುದನ್ನು ಕಣ್ಣಾರೆ ನೋಡಬೇಕು ಅನ್ನುವುದು ಅವರ ಹಂಬಲ. ಅವರ ಜೀವನ ಬರೆದ ಚೆಲಾನೊದ ಥಾಮಸ್ ಇದನ್ನು ಹೇಳಿದ್ದಾರೆ. ಆ ಗೋದಲಿಯ ಬಳಿಯೇ ಬಲಿಪೂಜೆ ನಡೆಯಿತು, ಶುಭಸಂದೇಶವನ್ನು ಫ್ರಾನ್ಸಿಸರೇ ಹಾಡಿದರು. ಮರಿಯಳ, ಯೋಸೇಫರ ಗೊಂಬೆಗಳ ಮಾತು ಆ ಬರಹದಲ್ಲಿಲ್ಲ. ಹುಲ್ಲು, ಎರಡು ಪ್ರಾಣಿ, ಪೂಜೆಯ ರೊಟ್ಟಿಯಾದ ಪರಮಪ್ರಸಾದ, ಅಷ್ಟೇ.

ಮಕ್ಕಳಿಗೆ ಇದನ್ನು ಹೇಳಿ: ಗೋದಲಿ ಅಂದರೆ ದನಕ್ಕೆ ಮೇವು ಹಾಕುವ ಜಾಗ. ಬೆತ್ಲೆಹೇಮ್ ಅನ್ನುವ ಹೀಬ್ರೂ ಹೆಸರಿಗೆ "ರೊಟ್ಟಿಯ ಮನೆ" ಎಂಬ ಅರ್ಥ. ರೊಟ್ಟಿಯ ಮನೆ ಎಂಬ ಊರಿನಲ್ಲಿ, ಆಹಾರ ಇಡುವ ತೊಟ್ಟಿಯಲ್ಲಿ ಮಲಗಿದ ಮಗು ಮುಂದೆ ದೊಡ್ಡವನಾಗಿ "ಜೀವ ಕೊಡುವ ರೊಟ್ಟಿ ನಾನೇ" ಎನ್ನುತ್ತಾನೆ. ಪ್ರತಿ ವರ್ಷ ಹುಲ್ಲು ಹಾಸುವಾಗ ನನಗೆ ಇದು ನೆನಪಾಗುತ್ತದೆ, ಪ್ರತಿ ವರ್ಷವೂ ಮೈ ಜುಮ್ ಅನ್ನುತ್ತದೆ. ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಗೋದಲಿಯ ಮಾತು ಮೂರು ಸಲ ಬರುತ್ತದೆ. ಕುರುಬರಿಗೆ ದೇವದೂತ ಕೊಟ್ಟ ಗುರುತೇ ಅದು. ಆ ಊರಲ್ಲಿ ಬಟ್ಟೆ ಸುತ್ತಿದ ಕೂಸುಗಳು ಎಷ್ಟೋ ಇದ್ದಾವು, ಗೋದಲಿಯಲ್ಲಿ ಮಲಗಿದ್ದು ಒಂದೇ.

ಇನ್ನು ಎತ್ತು ಮತ್ತು ಕತ್ತೆ. ಇವು ಲೂಕನಲ್ಲೂ ಇಲ್ಲ, ಮತ್ತಾಯನಲ್ಲೂ ಇಲ್ಲ. ಯೆಶಾಯನ ಗ್ರಂಥದ ಮೊದಲ ಅಧ್ಯಾಯದ ಮೂರನೇ ವಚನ ನೋಡಿ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ಯಜಮಾನನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ ಎಂಬ ದೇವರ ನೋವು ಅಲ್ಲಿದೆ. ನಾಲ್ಕನೇ ಶತಮಾನದ ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಮಗುವಿನ ಪಕ್ಕ ಇವೆರಡನ್ನು ಕೆತ್ತಿದ್ದಾರೆ. ಕೆಲವು ಕಡೆ ಮರಿಯಳೂ ಇಲ್ಲ, ಇವು ಮಾತ್ರ ಇವೆ. ಆದ್ದರಿಂದ ಅವನ್ನು ಮೂಲೆಗೆ ತಳ್ಳಬೇಡಿ. ಮಗುವಿನ ಹತ್ತಿರವೇ, ಮುಖ ಅದರ ಕಡೆ ಇರುವ ಹಾಗೆ ಇಡಿ.

ಇನ್ನೊಂದು ವಿಚಾರ. 24ರ ರಾತ್ರಿವರೆಗೆ ಗೋದಲಿ ಖಾಲಿ ಇರಲಿ.

ವಾಕ್ಯವೊಂದೇ:

ಸಿಸ್ಟರ್, ಬೇಸರ ಮಾಡಿಕೊಳ್ಳಬೇಡಿ. ಆ ಮಗು ಕೇಳಿದ ಪ್ರಶ್ನೆ ಸರಿಯಾಗಿದೆ. ದೇವರ ವಾಕ್ಯದಲ್ಲಿ ಇಲ್ಲದ್ದನ್ನು ನಾವು ಯಾಕೆ ಮಾಡಬೇಕು? ಯೆರೆಮೀಯ 10ನೇ ಅಧ್ಯಾಯ ಓದಿ. ಅಡವಿಯಿಂದ ಮರ ಕಡಿದು ತರುತ್ತಾರೆ, ಬೆಳ್ಳಿ ಬಂಗಾರದಿಂದ ಸಿಂಗರಿಸುತ್ತಾರೆ, ಅಲುಗಾಡದಂತೆ ಮೊಳೆ ಹೊಡೆದು ನಿಲ್ಲಿಸುತ್ತಾರೆ, ಜನಾಂಗಗಳ ಈ ಪದ್ಧತಿ ವ್ಯರ್ಥ ಎಂದು ಪ್ರವಾದಿ ಸಾರುತ್ತಾನೆ. ಡಿಸೆಂಬರ್ 25 ಕೂಡ ರೋಮಿನವರ ಸೂರ್ಯದೇವನ ಹಬ್ಬ. ಚಕ್ರವರ್ತಿ ಆರೇಲಿಯನ್ 274ರಲ್ಲಿ ಆ ದೇವರಿಗೆ ಗುಡಿ ಕಟ್ಟಿಸಿದ.

ನಾನು ಹೊಸದಾಗಿ ಹೇಳುತ್ತಿರುವುದಲ್ಲ ಇದು. ಸುಮಾರು ಕ್ರಿ.ಶ. 200ರಲ್ಲಿ ಕಾರ್ಥೇಜಿನ ತೆರ್ತುಲ್ಲಿಯನ್ ಎಂಬ ಕ್ರೈಸ್ತ ಬರಹಗಾರ, ಅನ್ಯದೇವರ ಹಬ್ಬಗಳಲ್ಲಿ ಬಾಗಿಲಿಗೆ ದೀಪ, ಹಸಿರೆಲೆ ಕಟ್ಟುವ ಕ್ರೈಸ್ತರನ್ನು ಗದರಿಸಿದ. ಲೋಕದ ಬೆಳಕು ನೀನೇ, ಯಾವಾಗಲೂ ಹಸಿರಾಗಿರುವ ಮರ ನೀನೇ ಅಂದ. ನನ್ನ ಮನಸ್ಸಿನಲ್ಲಿ ಇರುವುದು ಅದೇ. ನಮ್ಮ ಮನೆಯಲ್ಲಿ ಮರ ಇಡುವುದಿಲ್ಲ. ಹಾಗಂತ ಆ ದಿನ ನಮಗೂ ಸಂತೋಷದ ದಿನವೇ.

ಹಳೆಪುಟ:

ಬ್ರದರ್, ತೆರ್ತುಲ್ಲಿಯನ್ ಮಾತು ತಂದಿದ್ದಕ್ಕೆ ಧನ್ಯವಾದ, ಅದು ನನಗೂ ಇಷ್ಟದ ಸಾಲು. ಯೆರೆಮೀಯನ ವಿಷಯದಲ್ಲಿ ಮಾತ್ರ ನಾನು ಒಪ್ಪಲಾರೆ. ಐದನೇ ವಚನದವರೆಗೆ ಓದಿ. ಅವು ಸೌತೆ ತೋಟದ ಬೆದರುಬೊಂಬೆಯಂತೆ ಮಾತಾಡವು, ನಡೆಯಲಾರವು, ಹೊತ್ತುಕೊಂಡೇ ಹೋಗಬೇಕು, ಅವಕ್ಕೆ ಹೆದರಬೇಡಿ ಅಂತಾನೆ. ಮರ ಕಡಿದು ಕೆತ್ತಿ, ಚಿನ್ನದ ತಗಡು ಹೊದಿಸಿದ ವಿಗ್ರಹದ ಮಾತು ಅದು. ಯೆರೆಮೀಯನಿಗೂ ಕ್ರಿಸ್‌ಮಸ್ ಮರಕ್ಕೂ ನಡುವೆ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಅಂತರ ಇದೆ.

ತಾರೀಖಿನ ವಿಷಯ ಅಷ್ಟು ಸುಲಭವಲ್ಲ. ಕ್ರಿಸ್ತನು ಡಿಸೆಂಬರ್ 25ರಂದು ಬೆತ್ಲೆಹೇಮಿನಲ್ಲಿ ಹುಟ್ಟಿದ ಎಂಬ ಉಲ್ಲೇಖ ರೋಮಿನ 354ರ ಪಂಚಾಂಗ ಸಂಗ್ರಹದಲ್ಲಿದೆ. ಆ ಪಟ್ಟಿ 336ರ ಹೊತ್ತಿನದು ಎನ್ನುತ್ತಾರೆ. ಸೂರ್ಯನ ಹಬ್ಬವನ್ನು ಕ್ರೈಸ್ತರು ತಮ್ಮದಾಗಿಸಿಕೊಂಡರು ಎಂಬುದು ಒಂದು ವಾದ. ಯೇಸು ಗರ್ಭದಲ್ಲಿ ಮೂಡಿದ ದಿನ ಮಾರ್ಚ್ 25 ಎಂದು ನಂಬಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು ಎಂಬುದು ಇನ್ನೊಂದು ವಾದ. ವಿದ್ವಾಂಸರಲ್ಲಿ ಇದು ಇನ್ನೂ ಇತ್ಯರ್ಥವಾಗಿಲ್ಲ.

ಈಗ ಮರಕ್ಕೆ ಬರೋಣ. ಟೀಚರ್, ಆ ಹುಡುಗಿಯ ಕೈಯಲ್ಲಿದ್ದ ಕೆಂಪು ಗುಂಡೇ ನಿಮ್ಮ ಉತ್ತರ!

ಮಧ್ಯಯುಗದ ಯೂರೋಪಿನ ಸಂತರ ಪಟ್ಟಿಯಲ್ಲಿ ಡಿಸೆಂಬರ್ 24 ಆದಾಮ ಹವ್ವರ ದಿನ. ಅವರ ಕಥೆಯನ್ನು ನಾಟಕವಾಗಿ ಆಡುತ್ತಿದ್ದರು. ಏದೆನ್ ತೋಟದ ಮರ ಬೇಕಲ್ಲ? ಚಳಿಗಾಲದಲ್ಲಿ ಹಣ್ಣಿನ ಮರಗಳೆಲ್ಲ ಬೋಳು. ಹಸಿರಾಗಿ ಇರುವುದು ಫರ್ ಮರ. ಅದನ್ನೇ ತಂದು ಸೇಬು ಕಟ್ಟುತ್ತಿದ್ದರು. ಕ್ರಿಸ್‌ಮಸ್ ಮರದ ಬೇರು ಇಲ್ಲಿದೆ ಎಂದು ಇತಿಹಾಸಕಾರರಲ್ಲಿ ಬಹಳ ಮಂದಿ ಹೇಳುತ್ತಾರೆ. 1605ರಲ್ಲಿ ಸ್ಟ್ರಾಸ್‌ಬರ್ಗ್‌ನ ಬರಹವೊಂದು, ಜನ ಮನೆಯೊಳಗೆ ಫರ್ ಮರ ನಿಲ್ಲಿಸಿ ಕಾಗದದ ಗುಲಾಬಿ, ಸೇಬು, ತೆಳುವಾದ ಬಿಲ್ಲೆ ರೊಟ್ಟಿ, ಸಕ್ಕರೆ ತೂಗುಹಾಕುತ್ತಾರೆ ಎಂದು ವಿವರಿಸುತ್ತದೆ. ಸೇಬು ಆದಾಮ ಹವ್ವ ಪಾಪಕ್ಕೆ ಬಿದ್ದದ್ದರ ನೆನಪು. ಬಿಲ್ಲೆ ರೊಟ್ಟಿಯಲ್ಲಿ ಪರಮಪ್ರಸಾದದ ಗುರುತು ಕಾಣುತ್ತದೆ. ಮನುಷ್ಯ ತಿಂದು ಕೆಟ್ಟ ಹಣ್ಣು, ಅವನನ್ನು ಉಳಿಸಲು ಕೊಟ್ಟ ರೊಟ್ಟಿ, ಎರಡೂ ಒಂದೇ ಮರದ ಮೇಲೆ. ಗೋದಲಿಯವರು ಮೇಲೆ ಹೇಳಿದ ರೊಟ್ಟಿಯ ಮಾತಿಗೆ ಇದನ್ನು ಸೇರಿಸಿ ನೋಡಿ.

ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಲೌಷಾ ಎಂಬ ಊರಿನ ಗಾಜು ಊದುವವರು ಗಾಜಿನ ಗುಂಡು ಮಾಡಲು ಶುರುಮಾಡಿದರು, ಸೇಬಿನ ಜಾಗಕ್ಕೆ ಗಾಜು ಬಂತು. ಆದಿಕಾಂಡದಲ್ಲಿ ಹಣ್ಣಿನ ಹೆಸರೇ ಇಲ್ಲ, ಅದನ್ನು ಸೇಬು ಮಾಡಿದ್ದು ಪಶ್ಚಿಮದ ರೂಢಿ. ಲ್ಯಾಟಿನ್‌ನಲ್ಲಿ ಕೆಡುಕಿಗೂ ಸೇಬಿಗೂ ಹೆಚ್ಚುಕಡಿಮೆ ಒಂದೇ ಪದ, "ಮಾಲುಮ್".

ಮಾರ್ಟಿನ್ ಲೂಥರ್ ಕಾಡಿನಲ್ಲಿ ನಕ್ಷತ್ರ ನೋಡಿ ಮರಕ್ಕೆ ದೀಪ ಹಚ್ಚಿದ ಎಂಬ ಕಥೆಯನ್ನು ಚೀಟಿಯಲ್ಲಿ ಬರೆಯಬೇಡಿ. ಅವನ ಕಾಲದ ಯಾವ ದಾಖಲೆಯೂ ಅದಕ್ಕಿಲ್ಲ. ಸಂತ ಬೋನಿಫೇಸರು ಜರ್ಮನಿಯಲ್ಲಿ ಸಿಡಿಲದೇವರ ಓಕ್ ಮರ ಕಡಿದದ್ದು ಹಳೆಯ ಬರಹದಲ್ಲಿದೆ, ಆ ಮರದ ಹಲಗೆಯಿಂದ ಪ್ರಾರ್ಥನಾಲಯ ಕಟ್ಟಿದ್ದೂ ಇದೆ. ಅಲ್ಲಿ ಫರ್ ಸಸಿ ಚಿಗುರಿತು ಅನ್ನುವುದು ಎಷ್ಟೋ ಕಾಲದ ಮೇಲೆ ಸೇರಿದ್ದು.

ಸಂಡೇಸ್ಕೂಲ್ ಟೀಚರ್:

ಇಪ್ಪತ್ತು ವರ್ಷ ಆದಾಮನ ಹಣ್ಣನ್ನು ಕೈಯಲ್ಲಿ ಹಿಡಿದು ಕಟ್ಟಿದ್ದೇನೆ, ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು.

ವಾಕ್ಯವೊಂದೇ ಬ್ರದರ್, ಬೇಸರ ಏನಿಲ್ಲ. ನೀವು ಕೇಳಿದ್ದು ನನಗೂ ಬೇಕಾದ ಪ್ರಶ್ನೆ.

ಪಕ್ಕದ ಮನೆಯವ:

ನಾನು ಕ್ರೈಸ್ತನಲ್ಲ, ಆದರೂ ಕೇಳಬಹುದಾ? ಬಾಗಿಲಿಗೆ ಕಟ್ಟುವ ಹಸಿರು ಬಳೆ ಮತ್ತು ಮೇಜಿನ ಮೇಲೆ ನಾಲ್ಕು ಮೇಣದಬತ್ತಿ ಇಟ್ಟ ಹಸಿರು ಬಳೆ, ಎರಡೂ ಒಂದೇನಾ? ಮೇಣದಬತ್ತಿಗಳಲ್ಲಿ ಒಂದು ಮಾತ್ರ ಗುಲಾಬಿ ಬಣ್ಣ ಯಾಕೆ? ಸ್ನೇಹಿತರ ಮನೆಯಲ್ಲಿ ನೋಡಿದ್ದೆ, ಕೇಳಲು ಸಂಕೋಚವಾಯಿತು.

ನಾಲ್ಕನೇ ಬತ್ತಿ:

ಧಾರಾಳವಾಗಿ ಕೇಳಿ ಸರ್. ಎರಡೂ ಒಂದೇ ಆಕಾರ. ಆದಿ ಅಂತ್ಯ ಇಲ್ಲದ ದುಂಡು ದೇವರ ನಿತ್ಯತ್ವಕ್ಕೆ, ಬಾಡದ ಹಸಿರು ಮುಗಿಯದ ಜೀವಕ್ಕೆ ಅಂತ ಅರ್ಥ ಹೇಳುತ್ತಾರೆ. ಬಾಗಿಲಿನದು ಸ್ವಾಗತಕ್ಕೆ. ಮೇಜಿನ ಮೇಲಿನದಕ್ಕೆ ಅಡ್ವೆಂಟ್ ರೀತ್ ಅನ್ನುತ್ತೇವೆ, ಅದರ ಕೆಲಸವೇ ಬೇರೆ: ಅದು ಕಾಯುವುದನ್ನು ಕಲಿಸುತ್ತದೆ.

ಅಡ್ವೆಂಟ್ ಅಂದರೆ ಬರುವಿಕೆ, ನಮ್ಮಲ್ಲಿ ಆಗಮನ ಕಾಲ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ. ಈ ಚಕ್ರ ಶುರುವಾದದ್ದು ಹ್ಯಾಂಬರ್ಗ್‌ನಲ್ಲಿ. ಅಲ್ಲಿ ಯೋಹಾನ್ ಹಿನ್‌ರಿಖ್ ವಿಖರ್ನ್ ಎಂಬ ಲೂಥರನ್ ಪಾಸ್ಟರ್ ದಿಕ್ಕಿಲ್ಲದ ಬಡ ಮಕ್ಕಳಿಗಾಗಿ "ರೌಹೆಸ್ ಹೌಸ್" ಎಂಬ ಆಶ್ರಯಮನೆ ನಡೆಸುತ್ತಿದ್ದರು. ಕ್ರಿಸ್‌ಮಸ್ ಯಾವಾಗ, ಇನ್ನೆಷ್ಟು ದಿನ ಅಂತ ಮಕ್ಕಳು ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಮರದ ಬಂಡಿಚಕ್ರವೊಂದನ್ನು ತೆಗೆದುಕೊಂಡು, ವಾರದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ, ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ ಜೋಡಿಸಿದರು. ದಿನಕ್ಕೊಂದು ಬತ್ತಿ ಹಚ್ಚಿದಂತೆ ಬೆಳಕು ಹೆಚ್ಚುತ್ತಾ ಹೋಗುತ್ತದೆ. ಹಸಿರು ಕೊಂಬೆ ಸುತ್ತಿದ್ದು ಆಮೇಲೆ, ಮನೆಮನೆಗೆ ಹೋದಾಗ ಉಳಿದದ್ದು ನಾಲ್ಕು.

ಗುಲಾಬಿ ಬಣ್ಣ ಕಥೊಲಿಕರ ಕಡೆಯಿಂದ ಬಂದದ್ದು. ಆಗಮನ ಕಾಲದ ಬಣ್ಣ ನೇರಳೆ, ಅದು ಪಶ್ಚಾತ್ತಾಪದ ಬಣ್ಣ. ಮೂರನೇ ಭಾನುವಾರದ ಪೂಜೆ "ಸಂತೋಷಿಸಿರಿ" ಎಂಬ ಪದದಿಂದ ಶುರುವಾಗುತ್ತದೆ. ಪೌಲನು ಫಿಲಿಪ್ಪಿಯವರಿಗೆ ಬರೆದ ಮಾತು ಅದು. ಉಪವಾಸದ ನಡುವೆ ಒಂದು ನಗು. ಅದಕ್ಕೇ ಆ ದಿನ ಗುಲಾಬಿ. ನಡುವೆ ಬಿಳಿ ಬತ್ತಿ ಇದ್ದರೆ ಅದು ಕ್ರಿಸ್ತನದು, 24ರ ರಾತ್ರಿ ಹಚ್ಚುತ್ತಾರೆ. ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ ಅಂತ ನಾಲ್ಕಕ್ಕೂ ಹೆಸರಿಡುವ ಪದ್ಧತಿ ಸಭೆಯಿಂದ ಸಭೆಗೆ ಬದಲಾಗುತ್ತದೆ. ಆದ್ದರಿಂದ ಟೀಚರ್, ಚೀಟಿಯಲ್ಲಿ ಹೆಸರಿಗಿಂತ ಕಾಯುವಿಕೆಯ ಬಗ್ಗೆ ಬರೆಯಿರಿ.

ನನ್ನದೊಂದು ಕೋರಿಕೆ ಇದೆ. ನಾಲ್ಕನ್ನೂ ಮೊದಲ ದಿನವೇ ಹಚ್ಚಿ ಫೋಟೊ ತೆಗೆಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಚ್ಚದೆ ಬಿಟ್ಟ ಬತ್ತಿಯಲ್ಲೂ ಪಾಠ ಇದೆ. ಮಕ್ಕಳು ಅದನ್ನು ನೋಡಲಿ.

ಪಕ್ಕದ ಮನೆಯವ:

ತುಂಬ ಧನ್ಯವಾದ. ಕಾಯುವುದಕ್ಕೂ ಒಂದು ಅಲಂಕಾರ ಇದೆ ಅಂತ ನನಗೆ ತಿಳಿದಿರಲಿಲ್ಲ.

ದೂರದಿಂದ ಓದುವವಳು:

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಈ ವರ್ಷ ನಮ್ಮ ಅಮ್ಮ ಹೋದರು. ಮನೆಯಲ್ಲಿ ಅಲಂಕಾರ ಬೇಡ ಅಂತ ತೀರ್ಮಾನ ಆಗಿತ್ತು. ಬಣ್ಣ ಬೆಳಕು ನೋಡಿದರೆ ಎದೆ ಹಿಂಡಿದಂತಾಗುತ್ತದೆ. ನಾಲ್ಕನೇ ಬತ್ತಿಯವರು ಬರೆದದ್ದು ಓದಿದ ಮೇಲೆ, ಒಂದು ಬತ್ತಿ ಮಾತ್ರ ಹಚ್ಚಬಹುದೇನೋ ಅನ್ನಿಸಿತು. ದುಃಖದಲ್ಲಿರುವವರು ಸಿಂಗಾರ ಮಾಡುವುದು ತಪ್ಪಾ? ಹಿರಿಯರು ಯಾರಾದರೂ ಹೇಳಿ.

ನಿವೃತ್ತ ಸಭಾಪಾಲಕ:

ತಪ್ಪಲ್ಲ ಮಗಳೇ. ಮಾಡದಿದ್ದರೂ ತಪ್ಪಲ್ಲ.

ನಿನಗೆ ಒಂದು ಚಿತ್ರದ ಬಗ್ಗೆ ಹೇಳುತ್ತೇನೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಕ್ರಿಸ್ತನ ಜನನದ ಒಂದು ಪವಿತ್ರ ಚಿತ್ರ ಇರುತ್ತದೆ. ಅದರಲ್ಲಿ ಕೊಟ್ಟಿಗೆಯ ಬದಲು ಗುಹೆ, ಗುಹೆಯ ಒಳಗು ಕಪ್ಪು. ಸುತ್ತ ದೇವದೂತರು, ಬೆಟ್ಟ, ಕುರಿ, ಬಣ್ಣ ಎಲ್ಲ ಇದ್ದರೂ ನಟ್ಟನಡುವೆ ಆ ಕತ್ತಲು. ಆ ಕತ್ತಲಿನಲ್ಲಿ ಮಗುವನ್ನು ಮಲಗಿಸಿದ್ದಾರೆ. ಮಗುವಿಗೆ ಸುತ್ತಿದ ಬಟ್ಟೆ ಹೆಣಕ್ಕೆ ಸುತ್ತುವ ಬಟ್ಟೆಯ ಹಾಗೇ ಕಾಣುತ್ತದೆ, ಗೋದಲಿ ಕಲ್ಲಿನ ಶವಪೆಟ್ಟಿಗೆಯ ಹಾಗಿದೆ. ಬರೆಯುವವರು ಬೇಕೆಂದೇ ಹಾಗೆ ಬರೆಯುತ್ತಾರೆ. ಹುಟ್ಟಿದ ಮೊದಲ ರಾತ್ರಿಯೇ ಅವನು ನಮ್ಮ ಸಾವಿನೊಳಗೆ ಇಳಿದು ಬಂದಿದ್ದಾನೆ ಎಂದು ಅದರ ಅರ್ಥ. ಮಗುವನ್ನು ನೋಡಲು ಮೂಡಣದಿಂದ ಬಂದ ಜೋಯಿಸರು ತಂದ ಕಾಣಿಕೆಗಳಲ್ಲೂ ಅದೇ ಇದೆ. ಚಿನ್ನ ಅರಸನಿಗೆ, ಧೂಪ ದೇವರಿಗೆ, ರಕ್ತಬೋಳ ಸತ್ತವರ ಮೈಗೆ ಹಚ್ಚಲು. ಯೋಹಾನನ ಸುವಾರ್ತೆಯಲ್ಲಿ ಯೇಸುವಿನ ಶವಕ್ಕೆ ತಂದದ್ದೂ ಅದೇ ರಕ್ತಬೋಳ.

ನಾನು ಸಭೆಯಲ್ಲಿದ್ದಾಗ ದುಃಖದ ಮನೆಗಳಿಗೆ ಹೋಗಿ "ಹಬ್ಬ ಅಲ್ಲವೇ, ನಗಬೇಕು" ಎಂದು ಹೇಳಿದ್ದಿದೆ. ಆ ಮಾತು ಅವರಿಗೆ ಭಾರವಾಗಿರುತ್ತದೆ ಎಂದು ನನಗೆ ತಿಳಿದದ್ದು ನನ್ನ ಮನೆಯಲ್ಲೇ ಒಬ್ಬರು ಹೋದ ಮೇಲೆ. ಒಂದು ಬತ್ತಿ ಹಚ್ಚು. ಅಷ್ಟು ಸಾಕು.

ದೂರದಿಂದ ಓದುವವಳು:

ಹಚ್ಚುತ್ತೇನೆ ಅಯ್ಯನವರೇ. ತುಂಬ ಉಪಕಾರ.

ಮೂಡಣ ದಿಕ್ಕು:

ನಕ್ಷತ್ರದ ಬಗ್ಗೆ ಯಾರೂ ಬರೆದಿಲ್ಲವಲ್ಲ. ಮನೆ ಮುಂದೆ ಮೊದಲು ಮೇಲೇರುವುದೇ ಅದು.

ಮತ್ತಾಯನ ಎರಡನೇ ಅಧ್ಯಾಯದಲ್ಲಿ ಮೂಡಣ ದೇಶದ ಜೋಯಿಸರಿಗೆ ದಾರಿ ತೋರಿಸಿದ ನಕ್ಷತ್ರ ಇದು. ಅದರ ಹಿಂದೆ ಹಳೇ ಒಡಂಬಡಿಕೆಯ ಅರಣ್ಯಕಾಂಡದಲ್ಲಿ ಬಿಳಾಮ ಎಂಬ ಪರದೇಶದ ದರ್ಶಿಯ ಮಾತು ಇದೆ, ಯಾಕೋಬನಿಂದ ಒಂದು ನಕ್ಷತ್ರ ಉದಯಿಸುವುದು ಅಂತ. ಬಿಳಾಮನೂ ಹೊರಗಿನವನು, ಜೋಯಿಸರೂ ಹೊರಗಿನವರು. ಯೆರೂಸಲೇಮಿನ ಶಾಸ್ತ್ರಿಗಳಿಗೆ ಮಗು ಹುಟ್ಟಬೇಕಾದ ಊರಿನ ಹೆಸರು ಬಾಯಿಪಾಠ ಇತ್ತು, ಆದರೆ ಅವರು ಹೊರಟ ಮಾತು ಮತ್ತಾಯನಲ್ಲಿಲ್ಲ. ಹೊರಟದ್ದು ದೂರದವರು. ನಕ್ಷತ್ರವನ್ನು ಮನೆಯ ಹೊರಗೆ, ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಕಟ್ಟುವುದಕ್ಕೆ ನನಗೆ ಕಾಣುವ ಕಾರಣ ಇದೇ.

ಮೊರೇವಿಯನ್ ಎಂಬ ಪ್ರಾಟೆಸ್ಟಂಟ್ ಸಭೆಯವರ ಕಾಗದದ ನಕ್ಷತ್ರ ನೋಡಿದ್ದೀರಾ? ಎಲ್ಲ ದಿಕ್ಕಿಗೂ ಮುಳ್ಳು ಚಾಚಿದ ಹಾಗೆ ಇರುತ್ತದೆ. ಜರ್ಮನಿಯಲ್ಲಿ ಆ ಸಭೆಯ ವಸತಿಶಾಲೆಯಲ್ಲಿ, ಹತ್ತೊಂಬತ್ತನೇ ಶತಮಾನದ ಮೊದಲ ಅರ್ಧದಲ್ಲಿ, ರೇಖಾಗಣಿತ ಪಾಠಕ್ಕೆ ಅಂತ ಹುಟ್ಟಿದ್ದು ಅದು. ಹರ್ನ್‌ಹುಟ್ ಎಂಬ ಊರಿನ ಮಾದರಿಯಲ್ಲಿ ನಾಲ್ಕು ಮೂಲೆ ಬುಡದ 17 ಮೊನೆ, ಮೂರು ಮೂಲೆ ಬುಡದ 8 ಮೊನೆ, ಒಟ್ಟು 25. ಮಕ್ಕಳ ಕೈಯಲ್ಲಿ ಕಾಗದ ಮಡಿಸಿ ಮಾಡಿಸಬಹುದು, ನಾನು ಮಾಡಿಸಿದ್ದೇನೆ, ಎರಡು ಭಾನುವಾರ ಹಿಡಿಯುತ್ತದೆ.

ಬೆತ್ಲೆಹೇಮಿನ ಜನನ ದೇವಾಲಯದ ನೆಲಗುಹೆಯಲ್ಲಿ ಬೆಳ್ಳಿಯ ನಕ್ಷತ್ರ ಒಂದಿದೆ, ಅದಕ್ಕೆ 14 ಮೊನೆ. ಮತ್ತಾಯ ಯೇಸುವಿನ ವಂಶಾವಳಿಯನ್ನು ಹದಿನಾಲ್ಕು ಹದಿನಾಲ್ಕು ತಲೆಮಾರಾಗಿ ಎಣಿಸಿದ್ದಕ್ಕೆ ಅದನ್ನು ಹೊಂದಿಸುತ್ತಾರೆ. "ಇಲ್ಲಿ ಕನ್ಯೆ ಮರಿಯಳಿಂದ ಯೇಸು ಕ್ರಿಸ್ತನು ಹುಟ್ಟಿದನು" ಎಂದು ಅದರ ಸುತ್ತ ಲ್ಯಾಟಿನ್‌ನಲ್ಲಿ ಕೆತ್ತಿದೆ. ಆ ನಕ್ಷತ್ರ ನೆಲದ ಮೇಲಿದೆ. ಮುಟ್ಟಬೇಕಾದರೆ ಮಂಡಿಯೂರಬೇಕು.

ಹೊಸ ಸದಸ್ಯ:

ಮುಳ್ಳೆಲೆಯ ಹಾಲಿ ಗಿಡ, ಕೆಂಪು ಎಲೆಯ ಪಾಯಿನ್‌ಸೆಟಿಯಾ, ಮುತ್ತಿಡುವ ಮಿಸಲ್‌ಟೋ, ಬಾಗಿದ ಮಿಠಾಯಿ ಕೋಲು. ಇವಕ್ಕೆಲ್ಲ ಅರ್ಥ ಇದೆಯಾ?

ಹಳೆಪುಟ:

ಹಾಲಿಗೆ ಇದೆ. ಮುಳ್ಳಿನ ಅಂಚು ಮುಳ್ಳಿನ ಕಿರೀಟ, ಕೆಂಪು ಹಣ್ಣು ರಕ್ತದ ಹನಿ. ಜನನದ ಹಬ್ಬದಲ್ಲೇ ಶಿಲುಬೆಯ ನೆನಪು, ಅಯ್ಯನವರು ಹೇಳಿದ ಹಾಗೆ. ಪಾಯಿನ್‌ಸೆಟಿಯಾ ಮೆಕ್ಸಿಕೊದ ಗಿಡ, ಸ್ಪಾನಿಷ್‌ನಲ್ಲಿ ಅದರ ಹೆಸರೇ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಹೂ. ಕೆಂಪಾಗಿರುವುದು ಎಲೆ, ಹೂವು ನಡುವೆ ಇರುವ ಪುಟ್ಟ ಹಳದಿ ಮೊಗ್ಗುಗಳು. ಅದನ್ನು ನಕ್ಷತ್ರದ ಆಕಾರ ಅಂತ ಓದುತ್ತಾರೆ. ಮಿಸಲ್‌ಟೋ ನಮ್ಮ ಬದನಿಕೆಯ ಹಾಗೆ ಬೇರೆ ಮರದ ಮೇಲೆ ಬೆಳೆಯುವ ಗಿಡ, ಮುತ್ತಿಡುವ ಆ ಪದ್ಧತಿಗೆ ಸುವಾರ್ತೆಯ ಅರ್ಥ ಇಲ್ಲ. ಮಿಠಾಯಿ ಕೋಲು ಯೇಸುವಿನ ಹೆಸರಿನ ಇಂಗ್ಲಿಷ್ ಮೊದಲಕ್ಷರ, ಕೆಂಪು ಗೀಟು ರಕ್ತ ಅಂತ ಸುತ್ತಾಡುವ ಫಾರ್ವರ್ಡ್‌ಗೆ ಆಧಾರ ಇಲ್ಲ. ಕುರುಬನ ಕೋಲಿನ ಹಾಗಿದೆ ಅಂತ ಮಕ್ಕಳಿಗೆ ತೋರಿಸಬಹುದು, ಅದಕ್ಕೇ ಮಾಡಿದ್ದು ಅಂತ ಹೇಳಬಾರದು.

ವಾಕ್ಯವೊಂದೇ:

ಇಷ್ಟೂ ಓದಿದೆ. ಎರಡು ಮಾತು.

ಯೆರೆಮೀಯನ ಅಧ್ಯಾಯವನ್ನು ಕೂತು ಪೂರ್ತಿ ಓದಿದೆ. ಅದು ವಿಗ್ರಹದ ವಿಷಯವೇ. ಇನ್ನು ಮೇಲೆ ಅದನ್ನು ಮರದ ವಿರುದ್ಧ ಎತ್ತುವುದಿಲ್ಲ.

ಆದರೆ ನನ್ನ ಮನೆಯಲ್ಲಿ ಮರ ಬರುವುದಿಲ್ಲ. ಅಲಂಕಾರ ದೊಡ್ಡದಾದಷ್ಟೂ ಮಗು ಚಿಕ್ಕದಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಸಾಚುಸೆಟ್ಸ್‌ನ ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಕ್ರೈಸ್ತರು 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕುತ್ತಿದ್ದರು. ನಾನು ಅಂಥ ದಂಡದ ಪರವಲ್ಲ. ಆದರೆ ಅವರ ಆತಂಕ ನನಗೆ ಅರ್ಥವಾಗುತ್ತದೆ.

ನಿವೃತ್ತ ಸಭಾಪಾಲಕ:

ತಮ್ಮಾ, ನಿನ್ನ ಆತಂಕ ನಿಜವಾದದ್ದು. ಅದನ್ನು ಬಿಡಬೇಡ. ಇನ್ನೊಂದು ದಾರಿಯೂ ಸಭೆಯಲ್ಲಿ ಮೊದಲಿನಿಂದ ಇದೆ, ಅದನ್ನೂ ನೋಡು. 601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿಗೆ ಸುವಾರ್ತೆ ಸಾರಲು ಹೊರಟ ಮೆಲ್ಲಿಟಸ್‌ಗೆ ಪತ್ರ ಬರೆದರು. ಅಲ್ಲಿನ ಗುಡಿಗಳನ್ನು ಕೆಡವಬೇಡಿ, ವಿಗ್ರಹ ತೆಗೆದು ಅದೇ ಗೋಡೆಗಳೊಳಗೆ ನಿಜದೇವರನ್ನು ಆರಾಧಿಸಲಿ, ಜನ ಕೊಂಬೆಗಳಿಂದ ಚಪ್ಪರ ಹಾಕಿಕೊಂಡು ಹಬ್ಬ ಮಾಡಲಿ ಎಂದರು. ಕಟ್ಟಕಡಿದಾದ ಬೆಟ್ಟವನ್ನು ಹೆಜ್ಜೆ ಹೆಜ್ಜೆಯಾಗಿ ಹತ್ತಬೇಕು, ನೆಗೆದು ಹತ್ತಲಾಗದು ಎಂಬ ಮಾತೂ ಆ ಪತ್ರದಲ್ಲಿದೆ. ಕೊಂಬೆ ಎಲ್ಲಿಂದ ಬಂತು ಎಂಬುದಕ್ಕಿಂತ ಈಗ ಯಾರ ಮುಂದೆ ಇದೆ ಎಂಬುದನ್ನು ಅವರು ನೋಡಿದರು. ಯೆಶಾಯ 60ರಲ್ಲೂ ಲೆಬನೋನಿನ ಮರಗಳು ದೇವರ ಆಲಯವನ್ನು ಸಿಂಗರಿಸಲು ಬರುತ್ತವೆ.

ನೀನು ಮರ ಇಡದೆ ಆರಾಧಿಸು, ಟೀಚರ್ ಇಟ್ಟು ಆರಾಧಿಸಲಿ.

ಸಂಡೇಸ್ಕೂಲ್ ಟೀಚರ್:

ಚೀಟಿ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

ನಕ್ಷತ್ರ: ದೂರದಿಂದ ಹೊರಟವರಿಗೆ ದಾರಿ ತೋರಿಸಿದ್ದು. ಅದಕ್ಕೇ ಹೊರಗೆ ಕಟ್ಟಿದ್ದೇವೆ.

ಮೇಣದಬತ್ತಿ: ವಾರಕ್ಕೆ ಒಂದೇ. ಹಚ್ಚದೆ ಇರುವುದನ್ನೂ ನೋಡು. ಇನ್ನೂ ಕಾಯುತ್ತಿದ್ದೇವೆ.

ಮರ: ಚಳಿಯಲ್ಲೂ ಬಾಡದ ಹಸಿರು ಮುಗಿಯದ ಜೀವದ ಗುರುತು. ಕೆಂಪು ಗುಂಡು ಆದಾಮ ಹವ್ವ ತಿಂದ ಹಣ್ಣಿನ ನೆನಪು. ಅವರನ್ನು ಉಳಿಸಲು ಬರುವವನಿಗೆ ಕಾಯುತ್ತಿದ್ದೇವೆ.

ಎತ್ತು, ಕತ್ತೆ: ಇವಕ್ಕೆ ತಮ್ಮ ಯಜಮಾನ ಗೊತ್ತು. ನಿನಗೆ?

ಗೋದಲಿ: ಮೂವರು ಅರಸರು ಬಂದು ಗೋದಲಿಯ ಮುಂದೆ ಅಡ್ಡಬಿದ್ದರು. ಮಗು ಇನ್ನೂ ಬಂದಿಲ್ಲ. ಖಾಲಿ ಇದೆ.

ಗೋದಲಿ ಕಟ್ಟುವವ:

ಎತ್ತು ಕತ್ತೆಯ ಚೀಟಿ ಓದಿ ಸುಮ್ಮನೆ ಕೂತುಬಿಟ್ಟೆ ಟೀಚರ್. ಚೆನ್ನಾಗಿದೆ.

ಕೊನೆಯದರಲ್ಲಿ ತಿದ್ದುಪಡಿ ಬೇಕು. ಮೂವರು ಅನ್ನುವ ಲೆಕ್ಕ ಮತ್ತಾಯನಲ್ಲಿಲ್ಲ, ಮೂರು ಕಾಣಿಕೆ ಇದ್ದದ್ದರಿಂದ ಬಂದದ್ದು. ಅರಸರು ಅಂತಲೂ ಅವನು ಕರೆದಿಲ್ಲ. ಅವರು ಬಂದದ್ದು ಮನೆಗೆ, ಗೋದಲಿಯ ಹತ್ತಿರ ಬಂದವರು ಕುರುಬರು. ನಾನು ಜೋಯಿಸರನ್ನು ಮೊದಲು ಕೋಣೆಯ ಇನ್ನೊಂದು ತುದಿಯಲ್ಲಿ ಇಡುತ್ತೇನೆ. ದಿನಾ ಒಂದು ಗೇಣು ಮುಂದೆ ಸರಿಸುತ್ತೇನೆ. ಜನವರಿ 6ಕ್ಕೆ, ಪ್ರಭು ಪ್ರಕಟಣೆಯ ಹಬ್ಬಕ್ಕೆ ತಲುಪುತ್ತಾರೆ. ಸರಿಸುವ ಕೆಲಸ ಮಕ್ಕಳಿಗೆ ಕೊಡಿ.

ಸಂಡೇಸ್ಕೂಲ್ ಟೀಚರ್:

ತಿದ್ದಿದ್ದೇನೆ. "ಗೋದಲಿ: ದನಕ್ಕೆ ಮೇವು ಹಾಕುವ ಜಾಗ. ರೊಟ್ಟಿಯ ಮನೆ ಎಂಬ ಊರಿನಲ್ಲಿದೆ. ಈಗ ಖಾಲಿ." ಇಷ್ಟೇ.

ಇವತ್ತು ಆ ಹುಡುಗಿಯನ್ನು ಕರೆದು, ಹೋದ ವಾರ ನಾನು ಸರಿಯಾದ ಉತ್ತರ ಕೊಡಲಿಲ್ಲ ಅಂತ ಹೇಳಿ ಮರದ ಚೀಟಿ ಓದಿಸಿದೆ. ಅವಳು ಕೆಂಪು ಗುಂಡನ್ನು ಮತ್ತೆ ಕೈಗೆ ತಗೊಂಡು ತಿರುಗಿಸಿ ನೋಡಿದಳು. "ಹಾಗಾದ್ರೆ ಹಬ್ಬ ಮುಗಿದ ಮೇಲೆ ಇದನ್ನ ಯಾವತ್ತು ತೆಗೀಬೇಕು ಟೀಚರ್?" ಅಂದಳು. ಇದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ, ಕೇಳಿ ಹೇಳ್ತೀನಿ ಅಂದೆ.

ನಿವೃತ್ತ ಸಭಾಪಾಲಕ:

ಹನ್ನೆರಡು ದಿನ ಕಳೆದು ಜನವರಿ 6ಕ್ಕೆ ತೆಗೆಯುವವರು ಹೆಚ್ಚು. ಇನ್ನೂ ಹಳೆಯ ಪದ್ಧತಿಯೊಂದಿದೆ. ಫೆಬ್ರವರಿ 2ರವರೆಗೆ ಇಡುವುದು. ಕ್ರಿಸ್‌ಮಸ್ ದಿನವನ್ನೂ ಸೇರಿಸಿ ಎಣಿಸಿದರೆ ಅದು ನಲವತ್ತನೇ ದಿನ, ಮರಿಯ ಯೋಸೇಫರು ಮಗುವನ್ನು ದೇವಾಲಯಕ್ಕೆ ಕರೆತಂದ ದಿನ. ಅಲ್ಲಿ ಸಿಮೆಯೋನ ಎಂಬ ಮುದುಕ ಆ ಮಗುವನ್ನು ಎತ್ತಿಕೊಂಡು, ಎಲ್ಲ ಜನಾಂಗಗಳಿಗೂ ಬೆಳಕು ಇದು, ನನ್ನ ಕಣ್ಣು ಕಂಡಿತು, ಇನ್ನು ನಾನು ಸಮಾಧಾನದಿಂದ ಹೋಗುತ್ತೇನೆ ಎಂದ. ಆ ದಿನ ಸಭೆಗಳಲ್ಲಿ ವರ್ಷಕ್ಕೆ ಬೇಕಾದ ಮೇಣದಬತ್ತಿಗಳನ್ನು ಆಶೀರ್ವದಿಸುತ್ತಾರೆ.

ಮರವನ್ನು ಬೇಕಾದರೆ 6ಕ್ಕೆ ತೆಗೆಯಿರಿ ಟೀಚರ್. ಗೋದಲಿಯನ್ನು ಸಿಮೆಯೋನನ ದಿನದವರೆಗೆ ಬಿಡಿ. ಆ ಹುಡುಗಿಯ ಕೈಯಿಂದಲೇ ಮಗುವನ್ನು ಎತ್ತಿಸಿ.